ನೀಲ್‌ಬಾಗಿನ ಆಚಾರ್ಯ ಡೇವಿಡ್ ಹಾರ್ಸ್‌ಬರೋ

ಕೋಲಾರವೆಂದೊಡನೆ ಚಿನ್ನದ ಗಣಿ ನೆನಪಾಗುವುದು ಲೋಕರೂಢಿ. ಆ ಗಣಿಯೂ 2001ರಲ್ಲಿ ಬಾಗಿಲು ಮುಚ್ಚಿತು. ಅಕ್ಷರದಲ್ಲಿ ಆಸಕ್ತರಾದವರಿಗೆ ಮಾತ್ರ ಈ ಸೀಮೆ ಬೇರೆ ಕಾರಣಗಳಿಂದ ಪ್ರಿಯವಾಗಿದೆ. 1887ರಲ್ಲಿ ಮುಳಬಾಗಿಲಿನಲ್ಲಿ ಡಿ.ವಿ.ಜಿ. ಅವರು ಜನಿಸಿದರು, 1891ರಲ್ಲಿ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಜನಿಸಿದರು. ಇವರಿಬ್ಬರ ಹೆಸರನ್ನು ಹೇಳದ ಶಾಲೆ ಈ ಜಿಲ್ಲೆಯಲ್ಲಿಲ್ಲ. ಶ್ರೀನಿವಾಸಪುರಕ್ಕೆ ಸಲ್ಲುವ ಕೀರ್ತಿ ಮಾವಿನ ಹಣ್ಣಿನದು. ಆದರೆ ಆ ತಾಲ್ಲೂಕಿನ ರಾಯಲ್ಪಾಡಿನ ಬಳಿ, ಆಂಧ್ರದ ಗಡಿಗೆ ತಗುಲಿದಂತಿರುವ ಏಳು ಎಕರೆ ನೆಲದಲ್ಲಿ, ಒಬ್ಬ ಆಂಗ್ಲ ಗೃಹಸ್ಥರು ಹನ್ನೆರಡು ವರ್ಷಗಳ ಕಾಲ ಹಳ್ಳಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಂಡು ಕಲಿಸಿದರೆಂಬ ಸಂಗತಿಯನ್ನು ಜಿಲ್ಲೆಯ ಉಪಾಧ್ಯಾಯವರ್ಗದಲ್ಲಿಯೇ ಬಲ್ಲವರು ವಿರಳ. ಜಯಪುರದ ಶಿಕ್ಷಣಪ್ರೇಮಿಗಳಿಗೆ ಚೆನ್ನಾಗಿ ಗೊತ್ತಿರುವ ಈ ಹೆಸರು ಕೋಲಾರದವರಿಗೆ ಅಪರಿಚಿತವಾಗಿ ಉಳಿದದ್ದು ವಿಷಾದದ ಸಂಗತಿ.

ಅವರ ಹೆಸರು ಡೇವಿಡ್ ಹಾರ್ಸ್‌ಬರೋ. ಅವರು ಕಟ್ಟಿದ ಶಾಲೆಯ ಹೆಸರು ನೀಲ್‌ಬಾಗ್.

ಹಾರ್ಸ್‌ಬರೋ ಅವರು ಭಾರತಕ್ಕೆ ಬಂದದ್ದು ಉಪಾಧ್ಯಾಯರಾಗಿ ಅಲ್ಲ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ಯುವಕರಾಗಿ. ಕಾಲದ ವಿಚಿತ್ರ ಗತಿಯನ್ನು ನೋಡಬೇಕು. ಶಿಶುವನ್ನು ಮೊದಲು ಗಮನಿಸು, ಅನಂತರ ಕಲಿಸು ಎಂಬ ತತ್ತ್ವವನ್ನು ಜಗತ್ತಿಗೆ ಸಾರಿದ ಇಟಲಿಯ ಮಾರಿಯಾ ಮಾಂಟೆಸರಿ ಅವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದಿದ್ದರು. ಇಟಲಿ ಯುದ್ಧಕ್ಕೆ ಇಳಿದ ಕಾರಣ ಶತ್ರುರಾಷ್ಟ್ರದ ಪ್ರಜೆಯೆನಿಸಿ ಹಿಂದಿರುಗಲಾಗದೆ ವರ್ಷಗಟ್ಟಲೆ ಇಲ್ಲಿಯೇ ನಿಂತರು. ಆ ಅವಧಿಯಲ್ಲಿ ಅಡ್ಯಾರಿನಲ್ಲಿಯೂ ಕೊಡೈಕೆನಾಲಿನಲ್ಲಿಯೂ ನೂರಾರು ಭಾರತೀಯ ಉಪಾಧ್ಯಾಯರನ್ನು ಸಿದ್ಧಗೊಳಿಸಿದರು. ಒಂದೇ ಯುದ್ಧವು ಒಬ್ಬರನ್ನು ಈ ನಾಡಿನಲ್ಲಿ ತಡೆದು ನಿಲ್ಲಿಸಿತು, ಮತ್ತೊಬ್ಬರನ್ನು ಇಲ್ಲಿಗೆ ತಂದು ಬಿಟ್ಟಿತು. ಮಾಂಟೆಸರಿ ಪದ್ಧತಿಯು ಮುಂದೆ ಬಹುಮಟ್ಟಿಗೆ ನಗರದ ಸ್ಥಿತಿವಂತರ ಮಕ್ಕಳ ಪಾಲಾಯಿತು. ಹಾರ್ಸ್‌ಬರೋ ಅವರ ದಾರಿ ಹಳ್ಳಿಯ ಕಡೆಗೆ ತಿರುಗಿತು.

ಆದರೆ ಒಮ್ಮೆಗೇ ತಿರುಗಲಿಲ್ಲ. ಯುದ್ಧಾನಂತರ ಅವರು ಈ ದೇಶವನ್ನೇ ತಮ್ಮದನ್ನಾಗಿ ಮಾಡಿಕೊಂಡು, ಮದನಪಲ್ಲಿಯ ಸಮೀಪದ ಋಷಿವ್ಯಾಲಿ ಶಾಲೆಯಲ್ಲಿ ಅಧ್ಯಾಪಕರಾದರು. 1895ರಲ್ಲಿ ಮದನಪಲ್ಲಿಯಲ್ಲಿ ಜನಿಸಿದ ಜಿಡ್ಡು ಕೃಷ್ಣಮೂರ್ತಿಯವರ ವಿಚಾರಗಳಿಂದ ರೂಪುಗೊಂಡ ವಿದ್ಯಾಸಂಸ್ಥೆ ಅದು. ಸ್ಪರ್ಧೆಯನ್ನೂ ಭಯವನ್ನೂ ಕಲಿಕೆಯಿಂದ ದೂರವಿಡಬೇಕೆಂಬುದು ಅಲ್ಲಿಯ ಮೂಲಭಾವನೆ. ಅನಂತರ ಬ್ರಿಟಿಷ್ ಕೌನ್ಸಿಲ್ ಸಂಸ್ಥೆಯನ್ನು ಸೇರಿ ಮದರಾಸು, ಬೆಂಗಳೂರುಗಳಲ್ಲಿ ಅನೇಕ ವರ್ಷ ಸೇವೆ ಸಲ್ಲಿಸಿದರು. ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ರಚಿಸಿ ಲೇಖಕರೆಂದೂ ಹೆಸರಾದರು. ಒಳ್ಳೆಯ ಹುದ್ದೆ, ನಗರವಾಸ, ವಿದ್ವತ್ಸಮೂಹದ ಮನ್ನಣೆ ಎಲ್ಲವೂ ಇದ್ದವು. ಪಠ್ಯಪುಸ್ತಕ ಬರೆಯುವವನು ಎಷ್ಟೇ ಸಮರ್ಥನಾಗಿರಲಿ, ಅವನು ಬರೆಯುವುದು ಎಲ್ಲಿಯೂ ಇರದ ಒಂದು ಸರಾಸರಿ ಮಗುವಿಗೆ. ಬೆಂಚಿನ ಮೇಲೆ ಕುಳಿತ ಮಗು ಆ ಸರಾಸರಿಗಿಂತ ಒಂದು ಹೆಜ್ಜೆ ಮುಂದಿರುತ್ತದೆ, ಇಲ್ಲವೆ ಎರಡು ಹೆಜ್ಜೆ ಹಿಂದಿರುತ್ತದೆ. ಈ ಅಂತರವನ್ನು ತುಂಬಬಲ್ಲವನು ಎದುರಿಗಿರುವ ಉಪಾಧ್ಯಾಯನೊಬ್ಬನೇ. ಹಾರ್ಸ್‌ಬರೋ ಅವರು ಸ್ವ ಇಚ್ಛೆಯಿಂದ ನಿವೃತ್ತರಾಗಿ, 1972ರಲ್ಲಿ ಪತ್ನಿ ಡೊರೀನ್ ಹಾಗೂ ಪುತ್ರ ನಿಕೊಲಾಸ್ ಅವರೊಡಗೂಡಿ ರಾಯಲ್ಪಾಡಿನ ಬಯಲಿಗೆ ಬಂದು ನೆಲೆಸಿದರು.

ರಾಯಲ್ಪಾಡಿನ ಸುತ್ತಿನ ಹಳ್ಳಿಗಳು ಮಳೆಯನ್ನೂ ಕೆರೆಯನ್ನೂ ನಂಬಿದವು. ರಾಗಿ, ಕಡಲೆಕಾಯಿ, ಹುಣಿಸೆ, ಮಾವು, ನೀರಿದ್ದಲ್ಲಿ ರೇಷ್ಮೆ. ಆಡಳಿತದ ಭಾಷೆ ಕನ್ನಡವಾದರೂ ಬಹುಪಾಲು ಮನೆಗಳ ಒಲೆಯ ಮುಂದಿನ ಮಾತು ತೆಲುಗು. ಬಂದ ಮಕ್ಕಳು ಈ ಹಳ್ಳಿಗಳ ಬಡವರ ಮಕ್ಕಳೇ. ನೀಲ್‌ಬಾಗಿನ ಪಾಠಕ್ರಮದಲ್ಲಿ ತೆಲುಗಿಗೆ ಸ್ಥಾನವಿತ್ತು. ಕನ್ನಡಾಭಿಮಾನಿಗಳಿಗೆ ಇದು ಮೊದಲು ಕೊಂಚ ಮುಜುಗರವನ್ನುಂಟುಮಾಡಬಹುದು. ಆದರೆ ಮಗುವನ್ನು ಅರಿಯಬೇಕೆಂದು ಹೊರಟವನು ಮೊದಲು ಮಗುವಿನ ನಾಲಗೆಯ ಮೇಲಿರುವ ಮಾತನ್ನು ಒಪ್ಪಿಕೊಳ್ಳಬೇಕಾಗುತ್ತದೆ. ರಾಜ್ಯದ ಗಡಿಯನ್ನು ಐದು ವರ್ಷದ ಶಿಶು ಅರಿಯದು. ಇಂಗ್ಲಿಷ್ ಮತ್ತು ಗಣಿತಗಳ ಜೊತೆಗೆ ಸಂಸ್ಕೃತವನ್ನೂ ಅಲ್ಲಿ ಕಲಿಸುತ್ತಿದ್ದರು. ಮರಗೆಲಸ, ಹೊಲಿಗೆ, ಗಾರೆಗೆಲಸ, ತೋಟಗಾರಿಕೆ, ಸಂಗೀತ ಇವೂ ಪಾಠಗಳೇ ಆಗಿದ್ದವು. ಉಪಾಧ್ಯಾಯರಿಗೂ ಮಕ್ಕಳಿಗೂ ಸಮಾನವಾಗಿ ತೆರೆದಿದ್ದ ಗ್ರಂಥಭಂಡಾರವೊಂದನ್ನು ಹಾರ್ಸ್‌ಬರೋ ಅವರು ಕಾಲಕ್ರಮದಲ್ಲಿ ಕಟ್ಟಿದರು. ಪುಸ್ತಕಗಳನ್ನು ಬೀರುವಿನಲ್ಲಿ ಬೀಗ ಹಾಕಿಟ್ಟು, ತನಿಖೆಗೆ ಬಂದ ಅಧಿಕಾರಿಗೆ ಮಾತ್ರ ತೋರಿಸುವ ವಾಡಿಕೆಯನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ನೀಲ್‌ಬಾಗಿನಲ್ಲಿ ಒಂದನೆಯ ತರಗತಿ, ಎರಡನೆಯ ತರಗತಿ ಎಂಬ ವಿಭಾಗವಿರಲಿಲ್ಲ. ಸಣ್ಣವರೂ ದೊಡ್ಡವರೂ ಒಂದೇ ಕೋಣೆಯಲ್ಲಿ ಕುಳಿತು ಕಲಿಯುತ್ತಿದ್ದರು. ಒಂದು ಮಗು ಅಕ್ಷರ ತಿದ್ದುತ್ತಿದ್ದರೆ ಪಕ್ಕದಲ್ಲಿಯೇ ಇನ್ನೊಂದು ಕಥೆ ಓದುತ್ತಿರುತ್ತಿತ್ತು, ಮತ್ತೊಂದು ಲೆಕ್ಕದಲ್ಲಿ ಮುಳುಗಿರುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಇದು ಅವ್ಯವಸ್ಥೆಯಂತೆ ತೋರಿದರೆ ಆಶ್ಚರ್ಯವಿಲ್ಲ. ಅದರ ವ್ಯವಸ್ಥೆ ಕಣ್ಣಿಗೆ ಬೀಳುವಂಥದಲ್ಲ. ಪ್ರತಿಯೊಂದು ಮಗುವಿಗೂ ಅದರ ಮುಂದಿನ ಹೆಜ್ಜೆಯಾಗಿ ಯಾವ ಕೆಲಸವನ್ನು ಕೊಡಬೇಕೆಂಬುದನ್ನು ಉಪಾಧ್ಯಾಯನು ಮುಂಚೆಯೇ ಯೋಚಿಸಿ ಸಾಮಗ್ರಿಯನ್ನು ಸಿದ್ಧಪಡಿಸಿಟ್ಟುಕೊಂಡಿರಬೇಕು. ಹಾಗೆ ಯೋಚಿಸಬೇಕಾದರೆ ಆ ಮಗು ಈ ಹೊತ್ತು ಎಲ್ಲಿ ನಿಂತಿದೆಯೆಂಬುದು ಅವನಿಗೆ ನಿಶ್ಚಿತವಾಗಿ ತಿಳಿದಿರಬೇಕು. ತಿಳಿಯಬೇಕಾದರೆ ನೋಡಬೇಕು. ನೀಲ್‌ಬಾಗಿನ ಶಿಕ್ಷಣವಿಧಾನದ ತಿರುಳೆಲ್ಲ ಈ ನೋಡುವಿಕೆಯಲ್ಲಿದೆ.

ನೋಡುವುದೆಂದರೇನು? ಕೋಲಾರದ ಯಾವ ಹಳ್ಳಿಯಲ್ಲಿಯೂ ಸಿಗುವ ಹುಣಿಸೆಬೀಜವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಐದು ವರ್ಷದ ಮಗುವೊಂದು ಒಂದರಿಂದ ಇಪ್ಪತ್ತರವರೆಗೆ ತಪ್ಪಿಲ್ಲದೆ ಹೇಳುತ್ತದೆಯೆನ್ನೋಣ. ಮನೆಯವರಿಗೆ ಸಂತೋಷ, ಉಪಾಧ್ಯಾಯನಿಗೂ ತೃಪ್ತಿ. ಅದೇ ಮಗುವಿನ ಮುಂದೆ ಒಂಬತ್ತು ಹುಣಿಸೆಬೀಜ ಹರಡಿ ಎಣಿಸಲು ಹೇಳಿದರೆ ಬಾಯಿ ಬೆರಳಿಗಿಂತ ವೇಗವಾಗಿ ಓಡಿ ಹನ್ನೆರಡಕ್ಕೆ ಮುಟ್ಟುತ್ತದೆ. ಆ ಮಗುವಿಗೆ ಸಂಖ್ಯೆಗಳ ಹೆಸರು ಬರುತ್ತದೆ, ಎಣಿಕೆ ಬರುವುದಿಲ್ಲ. ಇನ್ನೊಂದು ಮಗು ಒಂಬತ್ತೆಂದು ಸರಿಯಾಗಿಯೇ ಎಣಿಸುತ್ತದೆ. ಅದೇ ಬೀಜಗಳನ್ನು ಕಣ್ಣೆದುರಿಗೇ ಇನ್ನಷ್ಟು ದೂರ ದೂರ ಹರಡಿ ಮತ್ತೆ ಕೇಳಿದರೆ, ಹೆಚ್ಚಾದುವೆಂದು ಹೇಳುತ್ತದೆ. ಮೂರನೆಯ ಮಗು ಎಣಿಸದೆಯೇ ಮೂರು ಮೂರರ ಗುಂಪು ಮಾಡಿ ನೋಡುತ್ತದೆ. ಅದು ಗುಣಾಕಾರದ ಹೊಸ್ತಿಲಲ್ಲಿ ನಿಂತಿದೆ, ಆದರೆ ಬಾಯಿಬಿಟ್ಟು ಹೇಳದು. ಮೂವರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಮಗ್ಗಿ ಕೂಗಿಸಿದರೆ ಮೂವರೂ ಕೂಗುತ್ತಾರೆ. ಮೊದಲನೆಯದಕ್ಕೆ ಬೇಕಾದದ್ದು ಬೆರಳಿಟ್ಟು ಎಣಿಸುವ ಆಟ, ಎರಡನೆಯದಕ್ಕೆ ಹರಡಿ ಕೂಡಿಸಿ ಹೋಲಿಸುವ ಆಟ, ಮೂರನೆಯದಕ್ಕೆ ಇನ್ನೂ ಹೆಚ್ಚು ಬೀಜ.

ಬರವಣಿಗೆಯಲ್ಲಿಯೂ ಹೀಗೆಯೇ. ಈ ಸೀಮೆಯ ಕನ್ನಡ ಶಾಲೆಗಳಲ್ಲಿ ಮಗು ಹಾಲು ಎಂದು ಬರೆಯುವಲ್ಲಿ ಆಲು ಎಂದು ಬರೆಯುವುದು ಎಲ್ಲ ಉಪಾಧ್ಯಾಯರೂ ನಿತ್ಯ ಕಾಣುವ ತಪ್ಪು. ಒಂದು ಮಗು ಹಾಗೆ ಬರೆಯಲು ಕಾರಣ ಮನೆಯಲ್ಲಿ ಎಲ್ಲರೂ ಹಾಗೆಯೇ ಆಡುವುದು. ಅದರ ಕಿವಿ ಶುದ್ಧವಾಗಿದೆ, ಕೇಳಿದ್ದನ್ನೇ ಬರೆದಿದೆ. ಮತ್ತೊಂದಕ್ಕೆ ಹಕಾರದ ಆಕಾರವೇ ಇನ್ನೂ ಕೈವಶವಾಗಿಲ್ಲ. ಇನ್ನೊಂದು ಎರಡನ್ನೂ ಬಲ್ಲದು, ಅವಸರದಲ್ಲಿ ಮರೆಯಿತು. ಕೆಂಪು ಶಾಯಿಯ ಗೀಟು ಮೂವರಿಗೂ ಒಂದೇ. ಗೀಟೆಳೆಯುವ ಮುನ್ನ ಮಗುವನ್ನು ಆ ಮಾತನ್ನು ಆಡಿಸಿ ಕೇಳುವ, ಅದರ ಕೈಯನ್ನು ಒಂದು ಕ್ಷಣ ನೋಡುವ ತಾಳ್ಮೆಯಿದ್ದರೆ ಮೂರು ಬೇರೆ ಬೇರೆ ಔಷಧಗಳು ಹೊಳೆಯುತ್ತವೆ. ವೈದ್ಯನು ನಾಡಿ ಹಿಡಿಯದೆ ಕಷಾಯ ಕೊಟ್ಟರೆ ಜನ ಒಪ್ಪುವುದಿಲ್ಲ. ಉಪಾಧ್ಯಾಯನಿಂದ ಅದನ್ನು ಯಾರೂ ನಿರೀಕ್ಷಿಸದಿರುವುದು ಸೋಜಿಗ.

ಹೀಗೆ ಕಂಡದ್ದಕ್ಕೆ ತಕ್ಕಂತೆ ಕಲಿಕೆಯ ಸಾಮಗ್ರಿಯನ್ನು ಒದಗಿಸುವುದು ಹಾರ್ಸ್‌ಬರೋ ಅವರ ವಿಶೇಷ ಸಾಮರ್ಥ್ಯವಾಗಿತ್ತು. ನೀಲ್‌ಬಾಗಿನ ಸಾಮಗ್ರಿ ಕ್ರಮಬದ್ಧವಾಗಿ ಯೋಜಿತವಾದದ್ದು. ರೇಖಾಚಿತ್ರಗಳಿಂದ ಕೂಡಿ, ಅಲ್ಲಲ್ಲಿ ಹಾಸ್ಯದ ಸಣ್ಣ ಎಳೆಯನ್ನೂ ಒಳಗೊಂಡಿದ್ದು, ಮಗು ತಾನಾಗಿ ಕೈಗೆತ್ತಿಕೊಳ್ಳುವಂತಿತ್ತು. ಮರಗೆಲಸ, ಹೊಲಿಗೆಗಳನ್ನು ಅವರು ಪಾಠದೊಳಗೆ ತಂದುದರ ಪ್ರಯೋಜನವೂ ಇಲ್ಲಿ ಕಾಣುತ್ತದೆ. ಪುಸ್ತಕದ ಮುಂದೆ ಮೌನವಾಗಿ ಕೂರುವ ಮಗು ಗರಗಸ ಹಿಡಿದಾಗ, ಸೂಜಿಗೆ ದಾರ ಪೋಣಿಸಿದಾಗ, ಪಾತಿಗೆ ನೀರು ಬಿಟ್ಟಾಗ ಬೇರೆಯೇ ಮಗುವಾಗಿ ಕಾಣಿಸುತ್ತದೆ. ಅಳತೆ ತಿಳಿಯದೆಂದು ನಾವು ನಿರ್ಣಯಿಸಿದ ಹುಡುಗನು ಹಲಗೆಯನ್ನು ಕಣ್ಣಳತೆಯಿಂದಲೇ ಎರಡು ಸಮಭಾಗ ಮಾಡಿರುತ್ತಾನೆ. ಅಕ್ಷರವೊಂದರಲ್ಲಿಯೇ ಮಗುವನ್ನು ನೋಡುವ ಶಾಲೆಗೆ ಅರ್ಧ ಮಗು ಮಾತ್ರ ಕಾಣುತ್ತದೆ.

ನೀಲ್‌ಬಾಗಿನಲ್ಲಿ ಪರೀಕ್ಷೆಯಿರಲಿಲ್ಲ. ಅಂಕವಿಲ್ಲ, ಬಹುಮಾನವಿಲ್ಲ, ಶಿಕ್ಷೆಯಿಲ್ಲ, ಒಬ್ಬನನ್ನು ಇನ್ನೊಬ್ಬನೊಡನೆ ಹೋಲಿಸುವ ಮಾತಿಲ್ಲ. ಇದು ಏಳನೆಯ ತರಗತಿಗೇ ಸಾರ್ವತ್ರಿಕ ಪರೀಕ್ಷೆಯಿದ್ದ ಕಾಲವೆಂಬುದನ್ನು ನೆನೆಯಬೇಕು. ಪರೀಕ್ಷೆಯಿಲ್ಲವೆಂದರೆ ಮೌಲ್ಯಮಾಪನವೇ ಇಲ್ಲವೆಂದು ತಿಳಿದವರು ಅಂದೂ ಇದ್ದರು, ಇಂದೂ ಇದ್ದಾರೆ. ವಸ್ತುಸ್ಥಿತಿ ಇದಕ್ಕೆ ತದ್ವಿರುದ್ಧ. ವರ್ಷಕ್ಕೊಮ್ಮೆ ಪರೀಕ್ಷೆ ನಡೆಸುವ ಶಾಲೆಯಲ್ಲಿ ಮಗುವಿನ ಅರಿವನ್ನು ಅಳೆಯುವುದು ವರ್ಷಕ್ಕೊಮ್ಮೆ. ನೀಲ್‌ಬಾಗಿನಂಥ ಕಡೆ ಅದು ನಿತ್ಯವೂ ನಡೆಯಬೇಕು, ಏಕೆಂದರೆ ಇಂದಿನ ಅಳತೆಯಿಲ್ಲದೆ ನಾಳೆಯ ಕೆಲಸ ಗೊತ್ತಾಗದು. ಅಳತೆಯ ಫಲ ಮಾತ್ರ ಮಗುವಿನ ಹಣೆಗೆ ಅಂಟುವುದಿಲ್ಲ, ಉಪಾಧ್ಯಾಯನ ಯೋಜನೆಗೆ ಸೇರುತ್ತದೆ. ಇದರಿಂದ ಉಪಾಧ್ಯಾಯನ ಶ್ರಮ ಕಡಮೆಯಾಗುವುದಿಲ್ಲ, ಹಲವು ಪಟ್ಟು ಹೆಚ್ಚುತ್ತದೆ. ಅರುವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಹಿಡಿದಿಡಬೇಕಾದ ಬಡ ಮೇಷ್ಟರು ಇದನ್ನೆಲ್ಲ ಹೇಗೆ ಮಾಡಿಯಾರೆಂಬ ಆಕ್ಷೇಪಣೆ ಸಹಜವಾದದ್ದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನೀಲ್‌ಬಾಗ್ ಚಿಕ್ಕ ಶಾಲೆಯಾಗಿತ್ತು, ಚಿಕ್ಕದಾಗಿಯೇ ಇರಬೇಕೆಂಬ ಸಂಕಲ್ಪವೂ ಅಲ್ಲಿತ್ತು.

ಈ ವಿಧಾನ ನಮ್ಮ ನಾಡಿಗೆ ಪೂರ್ಣವಾಗಿ ಹೊಸದೆಂದು ಹೇಳುವುದು ಉಚಿತವಾಗದು. ಸಂಸ್ಕೃತ ಪಾಠಶಾಲೆಗಳಲ್ಲಿ ಗುರುವು ಪ್ರತಿ ಶಿಷ್ಯನಿಗೂ ಬೇರೆ ಬೇರೆಯಾಗಿ ಸಂಥೆ ಹೇಳಿ, ಮರುದಿನ ಅವನಿಂದ ಒಪ್ಪಿಸಿಕೊಂಡು, ನಿಂತಲ್ಲಿಂದ ಮುಂದುವರಿಸುತ್ತಿದ್ದರು. ಒಬ್ಬ ಶಿಷ್ಯನು ಮೊದಲ ಸರ್ಗದಲ್ಲಿದ್ದರೆ ಅದೇ ಜಗಲಿಯಲ್ಲಿ ಇನ್ನೊಬ್ಬನು ಅಲಂಕಾರಶಾಸ್ತ್ರದಲ್ಲಿರುತ್ತಿದ್ದನು. ಕೂಲಿಮಠಗಳಲ್ಲಿ ಐಗಳು ಮರಳಿನ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಅಲ್ಲಿ ಬೆತ್ತವೂ ಕೋದಂಡವೂ ಇದ್ದವೆಂಬುದನ್ನು ಮರೆಯಬಾರದು. ಎಲ್ಲ ಜಾತಿಯ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಅದರ ಬಾಗಿಲು ತೆರೆದಿರಲಿಲ್ಲವೆಂಬುದನ್ನೂ ಮರೆಯಬಾರದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಮದರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕರಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಗಳು ಇಂಥ ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಆ ಕ್ರಮವನ್ನು ತಮ್ಮಲ್ಲಿ ಅಳವಡಿಸಿಕೊಂಡರು. ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದರು. 1797ರಲ್ಲಿ ಅದರ ವಿವರವನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದರು. ಮದರಾಸು ಪದ್ಧತಿಯೆಂದೇ ಅಲ್ಲಿ ಹೆಸರಾದ ಆ ಕ್ರಮವು, ಕಡಮೆ ಖರ್ಚಿನಲ್ಲಿ ನೂರಾರು ಬಡಮಕ್ಕಳಿಗೆ ಏಕಕಾಲದಲ್ಲಿ ಪಾಠ ಒಪ್ಪಿಸುವ ಯಂತ್ರವಾಗಿ ಪರಿಣಮಿಸಿತು. ಮರಳು ಹೋಯಿತು, ಹಿರಿಯ ಹುಡುಗರೂ ಹೋದರು. ಮಗುವಿನ ಬೆರಳು ಹಿಡಿದವರ ಕಣ್ಣು ಹಡಗು ಹತ್ತಲಿಲ್ಲ. ಸುಮಾರು ನೂರೆಪ್ಪತ್ತೈದು ವರ್ಷಗಳ ಅನಂತರ ಒಬ್ಬ ಆಂಗ್ಲರು ರಾಯಲ್ಪಾಡಿನ ಹಳ್ಳಿಮಕ್ಕಳ ನಡುವೆ ಕುಳಿತು, ಬೆತ್ತವನ್ನೂ ಭೇದವನ್ನೂ ಹೊರಗಿಟ್ಟು, ಆ ಕಣ್ಣನ್ನೇ ಮುಖ್ಯವಾಗಿಸಿಕೊಂಡರು.

ಕಣ್ಣನ್ನು ಇನ್ನೊಬ್ಬರಿಗೆ ದಾಟಿಸುವುದು ಹೇಗೆ ಎಂಬುದೇ ಅವರ ಮುಂದಿದ್ದ ದೊಡ್ಡ ಪ್ರಶ್ನೆ. ಉಪಾಧ್ಯಾಯರ ತರಬೇತಿಯನ್ನು ನೀಲ್‌ಬಾಗಿನಲ್ಲಿಯೇ ನಡೆಸಿದರು. ಅದೂ ಒಂದು ಬಾರಿಗೆ ಬೆರಳೆಣಿಕೆಯವರಿಗೆ ಮಾತ್ರ. ಬಂದವರು ಅಲ್ಲಿಯೇ ವಾಸವಾಗಿದ್ದು ಮಕ್ಕಳೊಡನೆ ಕೆಲಸಮಾಡಬೇಕು, ತಾವೂ ಮರಗೆಲಸ ಕಲಿಯಬೇಕು, ಶಿಕ್ಷಣತತ್ತ್ವವನ್ನು ಓದಿ ಚರ್ಚಿಸಬೇಕು. ಗಂಧ ತೇಯ್ದಂತೆ ನಿಧಾನವಾದ ಈ ಕ್ರಮದಿಂದ ಸಾವಿರಾರು ಉಪಾಧ್ಯಾಯರು ತಯಾರಾಗುವ ಸಂಭವವಿರಲಿಲ್ಲ. ತಯಾರಾದ ಕೆಲವರಾದರೋ ದೂರ ದೂರ ಹೋಗಿ ಬೇರುಬಿಟ್ಟರು. ಅಲ್ಲಿ ಕಲಿತವರ ಕೈಯಿಂದ 1978ರಲ್ಲಿ ರಾಜಸ್ಥಾನದ ಜಯಪುರದಲ್ಲಿ ದಿಗಂತರ್ ಎಂಬ ಶಾಲೆ ಆರಂಭವಾಯಿತು. ಮುಂದೆ ಅದು ದೇಶದ ಶಿಕ್ಷಣಚಿಂತನೆಯಲ್ಲಿ ಗಣ್ಯಸ್ಥಾನ ಪಡೆದ ಸಂಸ್ಥೆಯಾಗಿ ಬೆಳೆಯಿತು. ಬೆಂಗಳೂರಿನ ವಿಕಾಸನ ಶಾಲೆಯೂ ಈ ಬಳ್ಳಿಯ ಕುಡಿಯೇ.

1984ರಲ್ಲಿ ಹಾರ್ಸ್‌ಬರೋ ಅವರು ನಿಧನ ಹೊಂದಿದರು. ನೀಲ್‌ಬಾಗಿಗೆ ಆಗ ಹನ್ನೆರಡು ವರ್ಷ. ಒಬ್ಬರ ದೃಷ್ಟಿಯನ್ನೇ ನೆಚ್ಚಿ ನಿಂತ ಸಂಸ್ಥೆಗಳಿಗೆ ಒದಗುವ ಕಷ್ಟ ಎಲ್ಲರೂ ಬಲ್ಲದ್ದೇ, ಅದನ್ನು ವಿಸ್ತರಿಸಬೇಕಾಗಿಲ್ಲ. ಅವರ ಪದ್ಧತಿಯ ಮುಂದಿನ ಪಯಣ ಮಾತ್ರ ಹೇಳತಕ್ಕದ್ದು.

ಅವರು ಮೊದಲು ಪಾಠ ಹೇಳಿದ ಋಷಿವ್ಯಾಲಿಯಲ್ಲಿಯೇ, ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಗ್ರಾಮೀಣ ಶಿಕ್ಷಣದ ಕಾರ್ಯ ನಡೆಯಿತು. ಅಲ್ಲಿಯವರು ಪಠ್ಯಪುಸ್ತಕವನ್ನು ಬಿಡಿಸಿ ಸಣ್ಣ ಸಣ್ಣ ಕಾರ್ಡುಗಳನ್ನಾಗಿ ಮಾಡಿದರು. ಮಗು ತನ್ನ ವೇಗಕ್ಕೆ ತಕ್ಕಂತೆ ಹತ್ತುವ ಕಲಿಕಾ ಏಣಿಯನ್ನು ರೂಪಿಸಿದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೆಡೆ, ಪ್ರತಿಯೊಬ್ಬರಿಗೂ ಅವರದೇ ಹೆಜ್ಜೆ ಎಂಬ ನೀಲ್‌ಬಾಗಿನ ಭಾವನೆ ಇದರಲ್ಲಿ ಸ್ಪಷ್ಟವಾಗಿ ತೋರುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಋಷಿವ್ಯಾಲಿಗೆ ಹೋಗಿ ಈ ಕ್ರಮವನ್ನು ಕಂಡುಬಂದರು. ಯುನಿಸೆಫ್ ನೆರವಿನಿಂದ ಅದನ್ನು ಕನ್ನಡಕ್ಕೆ ಒಗ್ಗಿಸಿಕೊಂಡು ನಲಿ-ಕಲಿ ಎಂದು ಹೆಸರಿಟ್ಟರು. ಮೇಲಧಿಕಾರಿಗಳ ಆಜ್ಞೆಗೆ ಕಾಯದೆ ಉಪಾಧ್ಯಾಯರೇ ಕುಳಿತು ಕಾರ್ಡು ಬರೆದರು, ಹಾಡು ಕಟ್ಟಿದರು. ಕನ್ನಡ ಶಾಲಾಶಿಕ್ಷಣದ ಇತಿಹಾಸದಲ್ಲಿ ಅದು ಹೆಮ್ಮೆಯ ಅಧ್ಯಾಯ. 2009-10ರಲ್ಲಿ ನಲಿ-ಕಲಿಯು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವ್ಯಾಪಿಸಿತು. ಅದೇ 2009ರ ಶಿಕ್ಷಣ ಹಕ್ಕು ಕಾಯಿದೆಯು ಮಗುವಿನ ಅರಿವನ್ನು ನಿರಂತರವಾಗಿಯೂ ವ್ಯಾಪಕವಾಗಿಯೂ ಅಳೆಯಬೇಕೆಂದು ವಿಧಿಸಿತು.

ನಲಿ-ಕಲಿಯ ಕೋಣೆಯಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ ಕೂರುತ್ತಾರೆ. ಉಪಾಧ್ಯಾಯರ ಪೂರ್ಣ ಸಹಾಯ ಬೇಕಾದವರು ಒಂದರಲ್ಲಿ, ಕೊಂಚ ಸಹಾಯ ಸಾಕಾದವರು ಇನ್ನೊಂದರಲ್ಲಿ. ಗೆಳೆಯರ ನೆರವಿನಿಂದ ಕಲಿಯುವವರು ಹೆಚ್ಚಿನದಕ್ಕೆ ಒಂದು, ಕಡಮೆಯದಕ್ಕೆ ಒಂದು ಎಂದು ಎರಡು ತಟ್ಟೆಗಳಲ್ಲಿ. ತಾನೇ ಕಲಿಯುವ ಮಗು ಕೊನೆಯದರಲ್ಲಿ. ಯಾವ ಮಗು ಯಾವ ತಟ್ಟೆಗೆ ಹೋಗಬೇಕೆಂಬುದನ್ನು ಏಣಿಯೂ ಕಾರ್ಡೂ ಹೇಳುತ್ತವೆ. ಕಾರ್ಡು ಹೇಳಿದೆಯೆಂದು ಉಪಾಧ್ಯಾಯನು ಮಗುವಿನ ಮುಖ ನೋಡುವುದನ್ನು ಬಿಟ್ಟರೆ, ಎಗ್ಮೋರಿನಿಂದ ಇಂಗ್ಲೆಂಡಿಗೆ ಹೋದ ಪದ್ಧತಿಗೆ ಆದದ್ದೇ ಇದಕ್ಕೂ ಆಗುತ್ತದೆ. ಪ್ರಗತಿ ನೋಟದ ಹಾಳೆಯನ್ನು ತಿಂಗಳ ಕೊನೆಯ ದಿನ ಒಂದೇ ಕುಳಿತದಲ್ಲಿ ತುಂಬುವವರೂ ಇದ್ದಾರೆ. ಮಗು ಎಣಿಸುವಾಗ ಬೆರಳು ಎಲ್ಲಿ ತಡವರಿಸಿತೆಂಬುದನ್ನು ಅಂದೇ ಗುರುತಿಟ್ಟುಕೊಳ್ಳುವವರೂ ಇದ್ದಾರೆ. ಎರಡನೆಯ ಬಗೆಯವರು ಇಂದಿಗೂ ಹಳ್ಳಿ ಹಳ್ಳಿಯಲ್ಲಿ ಇರುವುದರಿಂದಲೇ ಆ ಕ್ರಮಕ್ಕೆ ಜೀವವಿದೆ.

ರಾಯಲ್ಪಾಡು ಹೋಬಳಿಯ ಸರ್ಕಾರಿ ಶಾಲೆಗಳಿಗೂ ನಲಿ-ಕಲಿ ಬಂದಿತು. ಅದೇ ಹೋಬಳಿಯ ಏಳು ಎಕರೆ ನೆಲದಲ್ಲಿ 1972ರಲ್ಲಿ ಮೊಳೆತ ವಿಚಾರವು, ಗಡಿಯಾಚೆಯ ಮದನಪಲ್ಲಿಯ ಸೀಮೆ, ಅಲ್ಲಿಂದ ಹೆಗ್ಗಡದೇವನಕೋಟೆ, ಅಲ್ಲಿಂದ ಬೆಂಗಳೂರಿನ ಇಲಾಖಾ ಕಛೇರಿ, ಹೀಗೆ ಸುತ್ತಿ ಬಳಸಿ, ಸುಮಾರು ಮೂವತ್ತೇಳು ವರ್ಷಗಳ ಮೇಲೆ, ಬೇರೆ ಹೆಸರಿನಿಂದ, ಅಚ್ಚಾದ ಕಾರ್ಡುಗಳ ಕಟ್ಟಿನ ರೂಪದಲ್ಲಿ ಹೊರಟ ಊರಿಗೆ ಹಿಂದಿರುಗಿತು.